ಪಕ್ಕದ ಹೊಲವನ್ನೇ ಯಾಕೆ ನೋಡಬೇಕು?

ಪ್ರಶ್ನೆ: ನಮ್ಮ ಆಕಾಶಗಂಗೆಯಲ್ಲೇ ಲೆಕ್ಕವಿಲ್ಲದಷ್ಟು ನಕ್ಷತ್ರಗಳಿವೆ. ಆದರೂ ಭಾರೀ ನಕ್ಷತ್ರಗಳ ಬಾಳು ತಿಳಿಯಲು ಪಕ್ಕದ ಗೆಲಾಕ್ಸಿಗಳನ್ನು ನೋಡುತ್ತಾರಂತೆ. ಯಾಕೆ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಇಂಡಿ

ಉತ್ತರ: ತಂಗಿ, ತೆನೆ ಬಿಟ್ಟ ಬಿಳಿಜೋಳದ ನಡುವೆ ನಿಂತು ನೋಡಿದ್ದೀಯಲ್ಲ? ನಾಲ್ಕು ಸಾಲಿನಾಚೆ ಏನೂ ಕಾಣುವುದಿಲ್ಲ. ಬದುವಿನ ಮೇಲೆ ನಿಂತರೆ ಪಕ್ಕದವರ ಹೊಲ ಪೂರ್ತಿ ಕಾಣುತ್ತದೆ. ಯಾವ ದಂಟು ಎತ್ತರ, ಯಾವುದು ಗಿಡ್ಡ ಅಂತ ಕೂಡಲೇ ಹೇಳಬಹುದು.

ನಾವಿರುವುದು ಆಕಾಶಗಂಗೆಯ ಒಳಗೆ. ಧೂಳು ಅಡ್ಡ ಬರುತ್ತದೆ. ಒಂದೊಂದು ನಕ್ಷತ್ರ ಒಂದೊಂದು ದೂರದಲ್ಲಿದೆ. ದೂರ ತಪ್ಪಿದರೆ ಅದರ ಬೆಳಕಿನ ಲೆಕ್ಕವೂ ತಪ್ಪುತ್ತದೆ. ದೊಡ್ಡ ಮೆಗೆಲನ್ ಮೋಡ ಎಂಬ ಗೆಲಾಕ್ಸಿ ಇರುವುದು ಸುಮಾರು 1,60,000 ಜ್ಯೋತಿರ್ವರ್ಷ ದೂರ. ಅಲ್ಲಿನ ನಕ್ಷತ್ರಗಳೆಲ್ಲ ನಮಗೆ ಹೆಚ್ಚುಕಡಿಮೆ ಒಂದೇ ದೂರ. ಹೋಲಿಸುವುದು ಸುಲಭ, ಅಲ್ವಾ?

ಭಾರೀ ನಕ್ಷತ್ರಗಳು ಮೊದಲೇ ಕಡಿಮೆ, ಆಯುಷ್ಯವೂ ಕಡಿಮೆ. ಸೂರ್ಯನಿಗೆ ಸುಮಾರು 1,000 ಕೋಟಿ ವರ್ಷ. ಅವನ 20 ಪಟ್ಟು ತೂಕದ್ದಕ್ಕೆ ಒಂದು ಕೋಟಿ ವರ್ಷದ ಆಸುಪಾಸು. ಹಾಗಾಗಿ ಇಡೀ ಗೆಲಾಕ್ಸಿ ಒಟ್ಟಿಗೆ ಕಂಡರೇ ಇಂಥವು ಸಾಕಷ್ಟು ಸಿಗುತ್ತವೆ.

ನನಗೆ ಜಾಸ್ತಿ ಇಷ್ಟವಾದ ಕಾರಣ ಮಣ್ಣಿನದು. ಬೀಜ ಒಂದೇ ಆದರೂ ಎರೆ ಹೊಲದ ಬೆಳೆ ಬೇರೆ, ಮಸಾರಿ ಹೊಲದ್ದು ಬೇರೆ. ಚಿಕ್ಕ ಮೆಗೆಲನ್ ಮೋಡ ಎಂಬ ಇನ್ನೊಂದು ಪಕ್ಕದ ಗೆಲಾಕ್ಸಿಯಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಸೂರ್ಯನಲ್ಲಿರುವುದರ ಐದನೇ ಒಂದು ಪಾಲಿನಷ್ಟು ಮಾತ್ರ. ಈ ಧಾತುಗಳ ಪರಮಾಣುಗಳನ್ನು ಬೆಳಕು ತಳ್ಳುವುದರಿಂದಲೇ ನಕ್ಷತ್ರದ ಮೈಯಿಂದ ಗಾಳಿ ಏಳುತ್ತದೆ, ತೂಕ ಇಳಿಯುತ್ತದೆ. ಧಾತು ಕಡಿಮೆಯಾದರೆ ಗಾಳಿಯೂ ಕಡಿಮೆ. ಆಗ ನಕ್ಷತ್ರ ತನ್ನ ತೂಕವನ್ನು ಉಳಿಸಿಕೊಂಡು ಮುಪ್ಪಿಗೆ ಬರುತ್ತದೆ. ಅದರ ಸಾವಿನ ರೀತಿಯೂ ಬದಲಾಗಬಹುದು.

1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲನ್ ಮೋಡದಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಆಗ ನಾನು ಬಿಜಾಪುರದಲ್ಲಿ ಹತ್ತನೇ ತರಗತಿ. ಸುದ್ದಿ ಓದಿ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡಿದೆ. ನಮ್ಮ ಕಡೆ ಅದು ದಿಗಂತ ಬಿಟ್ಟು ಮೇಲೇರುವುದೇ ಇಲ್ಲ ಅನ್ನಬೇಕು, ಏನೂ ಕಾಣಲಿಲ್ಲ. ಸಿಡಿಯುವ ಮೊದಲಿನ ಫೋಟೊ ತೆಗೆದು ನೋಡಿದಾಗ ವಿಜ್ಞಾನಿಗಳೇ ಬೆರಗಾದರು. ಸತ್ತದ್ದು ನೀಲಿ ನಕ್ಷತ್ರ! ಹೀಗೆ ಸಿಡಿಯುವುದು ಕೆಂಪು ಮಹಾದೈತ್ಯ ನಕ್ಷತ್ರಗಳು ಅಂತ ಎಲ್ಲರೂ ನಂಬಿದ್ದರು. ಪಕ್ಕದ ಗೆಲಾಕ್ಸಿಯ ಹಳೆಯ ಫೋಟೊ ಇರದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ನೀನೇ ನೋಡಬೇಕೆಂದರೆ ಆಂಡ್ರೊಮಿಡಾ ಎಂಬ ಗೆಲಾಕ್ಸಿ ಇದೆ. ದೀಪಾವಳಿ ಅಮಾವಾಸ್ಯೆಯ ಆಸುಪಾಸು, ರಾತ್ರಿ ಹತ್ತರ ಸುಮಾರಿಗೆ, ಊರ ದೀಪಗಳಿಂದ ದೂರ ಹೋಗು. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಬೈನಾಕ್ಯುಲರ್ ತಿರುಗಿಸು. ವಿಭೂತಿ ಬೆರಳು ಒರೆಸಿದಂಥ ಮಸುಕು ಗೆರೆ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ತೀರಾ ಭಾರದ ನಕ್ಷತ್ರಗಳು ಬದುಕುವುದೇ 30 ಲಕ್ಷ ವರ್ಷದಷ್ಟು. ಆ ಮಸುಕಿನೊಳಗಿನ ಕೆಲವು ಈಗಾಗಲೇ ಸಿಡಿದು ಹೋಗಿರುತ್ತವೆ, ಆ ಸಿಡಿತದ ಬೆಳಕು ಮಾತ್ರ ಇನ್ನೂ ದಾರಿಯಲ್ಲಿದೆ.