ಒಂದು ಹಲ್ಲಿಗೆ ಮೂರು ಹಲ್ಲಿನ ದುಡ್ಡು ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ಹೋದ ಹಲ್ಲಿನ ಜಾಗಕ್ಕೆ ಕಟ್ಟಿಸುವ ಬ್ರಿಡ್ಜ್ ಬಗ್ಗೆಯೇ ಇವೆ. ಕೆಲವರು ‘ಫಿಕ್ಸ್ ಹಲ್ಲು’ ಅಂತ ಬರೆದಿದ್ದಾರೆ, ಕೆಲವರು ‘ಕಟ್ಟಿಸುವ ಹಲ್ಲು’ ಅಂತ. ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲೂ ದಿನಾ ಇದೇ ಮಾತು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷದ ಹಿಂದೆ ಕೆಳಗಿನ ಎಡಗಡೆಯ ದೊಡ್ಡ ದವಡೆ ಹಲ್ಲು ಕೀಳಿಸಿದೆ. ಈಗ ಬ್ರಿಡ್ಜ್ ಹಾಕಿಸಿ ಅಂತಾರೆ. ಅದಕ್ಕೆ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲು ಕೊರೀಬೇಕಂತೆ. ಹೋಗಿರೋದು ಒಂದೇ ಹಲ್ಲು, ದುಡ್ಡು ಮಾತ್ರ ಮೂರು ಹಲ್ಲಿಂದು! ನಮ್ಮ ಓರಗಿತ್ತಿ ಇಂಪ್ಲಾಂಟ್ ಮಾಡಿಸು ಅಂತಾಳೆ. ಏನು ಮಾಡಲಿ?
— ಗೃಹಿಣಿ, 41 ವರ್ಷ, ಅರಸೀಕೆರೆ

ಮೊದಲು ದುಡ್ಡಿನ ವಿಷಯ ಮುಗಿಸೋಣ. ಬ್ರಿಡ್ಜ್ ಅಂದರೆ ಹೆಸರೇ ಹೇಳುವ ಹಾಗೆ ಸೇತುವೆ. ನಡುವಿನ ಹಲ್ಲು ಒಸಡಿನ ಮೇಲೆ ಸುಮ್ನೆ ಕೂತಿರುತ್ತದೆ. ಅದರ ಭಾರ ಹೊರುವುದು ಆ ಕಡೆ ಈ ಕಡೆಯ ಹಲ್ಲಿಗೆ ಟೋಪಿಯ ಹಾಗೆ ತೊಡಿಸುವ ಎರಡು ಕ್ಯಾಪ್. ಮೂರೂ ಸೇರಿ ಒಂದೇ ತುಂಡು. ಹಲ್ಲು ಮಾಡಿಕೊಡುವ ಲ್ಯಾಬಿನವರು ನಮಗೆ ಲೆಕ್ಕ ಹಾಕುವುದು ಮೂರು ಹಲ್ಲಿಗೆ, ನಾವು ನಿಮಗೆ ಹಾಕುವುದೂ ಮೂರಕ್ಕೇ. ಈ ಬೈಗುಳ ನನಗೂ ವಾರಕ್ಕೆರಡು ಸಲ ಬೀಳುತ್ತದೆ.

ಇನ್ನು ಕೊರೆಯುವುದು. ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಕ್ಯಾಪ್ ಕೂರಬೇಕಾದರೆ ಹಲ್ಲಿನ ಸುತ್ತ ಒಂದರಿಂದ ಎರಡು ಮಿಲಿಮೀಟರ್ ತೆಗೆಯಬೇಕು. ಕೇಳೋಕೆ ಕಡಿಮೆ ಅನ್ನಿಸುತ್ತದೆ. ಕನ್ನಡಿ ಕೊಟ್ಟು ತೋರಿಸಿದರೆ ಸಣ್ಣ ಗೂಟದ ಹಾಗಿರುತ್ತದೆ, ಎಷ್ಟೋ ಜನ ಗಾಬರಿಯಾಗುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಯಾರಾದರೂ ಬಾಯಿ ತೆರೆದು ‘ಇಲ್ಲಿ ಬ್ರಿಡ್ಜ್ ಹಾಕ್ತೀರಾ’ ಅಂದರೆ ನಾನು ಖಾಲಿ ಜಾಗ ನೋಡುವುದು ಆಮೇಲೆ. ಮೊದಲು ನೋಡುವುದು ಅದರ ನೆರೆಯವರನ್ನು. ಪಕ್ಕದ ಹಲ್ಲಿನಲ್ಲಿ ಆಗಲೇ ದೊಡ್ಡ ಬೆಳ್ಳಿ ತುಂಬಿಸಿದ್ದಾರಾ? ಒಳಗಿನ ನರ ತೆಗೆಯುವ ರೂಟ್ ಕೆನಾಲ್ ಆಗಿದೆಯಾ? ಆಗಿದ್ದರೆ ಆ ಹಲ್ಲಿಗೆ ಹೇಗೂ ಕ್ಯಾಪ್ ಬೇಕಿತ್ತು. ಅಲ್ಲಿ ಬ್ರಿಡ್ಜ್ ಹಾಕಿಸಿ, ಕಳೆದುಕೊಳ್ಳುವುದು ಏನೂ ಇಲ್ಲ. ಎರಡೂ ಕಡೆ ಮುಟ್ಟದ, ಹುಳುಕಿಲ್ಲದ ಹಲ್ಲಿದ್ದರೆ, ದವಡೆಯ ಎಲುಬು ಚೆನ್ನಾಗಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ, ನಿಮ್ಮ ಓರಗಿತ್ತಿ ಹೇಳಿದ್ದೇ ಸರಿ. ಇಂಪ್ಲಾಂಟ್ ಅಂದರೆ ಎಲುಬಿನೊಳಗೆ ಕೂರಿಸುವ ಟೈಟಾನಿಯಂ ತಿರುಪು. ಸ್ವೀಡನ್ನಿನಲ್ಲಿ 1965ರಲ್ಲಿ ಮೊದಲ ಸಲ ಒಬ್ಬ ರೋಗಿಗೆ ಹಾಕಿದ್ದು. ಅದು ಪಕ್ಕದವರ ತಂಟೆಗೆ ಹೋಗುವುದಿಲ್ಲ. ಖರ್ಚು ಜಾಸ್ತಿ. ಎಲುಬು ಕಚ್ಚಿಕೊಳ್ಳೋಕೆ ಕೆಲವು ತಿಂಗಳು ಕಾಯಬೇಕು.

ಎರಡು ವರ್ಷ ಸುಮ್ಮನೆ ಬಿಟ್ಟಿದ್ದೀರಲ್ಲ, ಅದಕ್ಕೆ ಒಂದು ಮಾತು. ಜಾಗ ಖಾಲಿಯಾದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾದರೆ ನಿದ್ದೆಯಲ್ಲಿ ವಾಲುವವರ ಹಾಗೆ. ಮೇಲಿನ ಹಲ್ಲು ಕೆಳಗಿಳಿಯುತ್ತದೆ. ವಾಲಿದ ಹಲ್ಲಿಗೆ ಬ್ರಿಡ್ಜ್ ಕೂರಿಸೋಕೆ ಇನ್ನೂ ಜಾಸ್ತಿ ಕೊರೆಯಬೇಕಾಗುತ್ತದೆ. ಎರಡು ಕಂಬವೂ ನೆಟ್ಟಗಿದ್ದರೆ ಮಾತ್ರ ಒಂದೇ ತುಂಡು ಮೇಲಿನಿಂದ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಎಕ್ಸ್‌ರೇ ತೆಗೆಸಿ, ‘ಈ ಹಲ್ಲು ಎಷ್ಟು ವಾಲಿದೆ’ ಅಂತ ನೀವೇ ಕೇಳಿ.

ಖರ್ಚು ದೊಡ್ಡ ಚಿಂತೆ ಅನ್ನುವವರಿಗೆ: ಡೆಂಟಲ್ ಕಾಲೇಜಿಗೆ ಹೋಗಿ. ನಮ್ಮೂರಲ್ಲೇ ಎರಡಿವೆ. ಕೆಲಸ ಮಾಡುವವರು ವಿದ್ಯಾರ್ಥಿಗಳು, ಪಕ್ಕದಲ್ಲಿ ಮೇಷ್ಟ್ರು ನಿಂತಿರುತ್ತಾರೆ. ನಾಲ್ಕು ಸಲ ಜಾಸ್ತಿ ಓಡಾಡಬೇಕು, ಅಷ್ಟೇ.

ಮಗಳಿಗೆ 16. ಖೋ ಖೋ ಆಡುವಾಗ ಬಿದ್ದು ಮುಂದಿನ ಹಲ್ಲು ಹೋಯಿತು. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡ್ತಾಳೆ. ಬ್ರಿಡ್ಜ್ ಹಾಕಿಸಬಹುದಾ? ನಮ್ಮ ಕಡೆ ನೀರಿನಿಂದ ಹಲ್ಲೆಲ್ಲ ಕಂದು ಬಣ್ಣ, ಹೊಸ ಹಲ್ಲು ಬೇರೆ ಥರ ಕಾಣಲ್ವಾ?
— ತಂದೆ, ಪಾವಗಡ

ಮಾಮೂಲಿ ಬ್ರಿಡ್ಜ್ ಬೇಡ. ಈ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಾಗಿರುತ್ತದೆ. ಕೊರೆಯುವಾಗ ನರಕ್ಕೆ ಪೆಟ್ಟಾಗಬಹುದು. ಇಂಪ್ಲಾಂಟ್ ಕೂಡ ಈಗಲೇ ಬೇಡ, ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಸುತ್ತಲಿನ ಹಲ್ಲು ಎಲುಬಿನ ಜೊತೆ ಇಳಿದರೂ ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ, ಆಮೇಲೆ ಗಿಡ್ಡ ಕಾಣುತ್ತದೆ.

ನಿಮ್ಮ ಮಗಳಿಗೆ ಹೊಂದುವುದು ಮೇರಿಲ್ಯಾಂಡ್ ಬ್ರಿಡ್ಜ್. ಹೊಸ ಹಲ್ಲಿಗೆ ಸಣ್ಣ ರೆಕ್ಕೆ ಇರುತ್ತದೆ. ಅದನ್ನು ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುತ್ತೇವೆ. ಕೊರೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದು, ಅದಕ್ಕೇ ಆ ಹೆಸರು. ಯಾವಾಗಲಾದರೂ ಒಂದು ದಿನ ಕಿತ್ತು ಬರಬಹುದು, ಮತ್ತೆ ಅಂಟಿಸಬಹುದು. ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡಿನಿಂದ ಬೀಳುವ ಕಲೆ, ಜಾಸ್ತಿ ಇರುವ ಹಲ್ಲಿನ ಮೇಲೆ ಅಂಟು ಅಷ್ಟು ಚೆನ್ನಾಗಿ ಹಿಡಿಯದೇ ಇರಬಹುದು. ಇದನ್ನು ನಿಮ್ಮ ಡಾಕ್ಟರು ಮೊದಲೇ ನೋಡಬೇಕು.

ಬಣ್ಣದ್ದು ಒಳ್ಳೆ ಪ್ರಶ್ನೆ. ನಮ್ಮ ಹತ್ತಿರ ಬಣ್ಣದ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ 16 ಹಲ್ಲು ಸಾಲಾಗಿ ಜೋಡಿಸಿದ್ದು, ಬಳೆ ಅಂಗಡಿಯ ಸ್ಯಾಂಪಲ್ ಹಾಗೆ. ಎಲ್ಲರ ಕೈಯೂ ತೀರಾ ಬಿಳಿಯದರ ಮೇಲೇ ಹೋಗುತ್ತದೆ. ಪಾವಗಡದ ಬಾಯಿಗೆ ಅದನ್ನು ಹಾಕಿದರೆ ಮೈಲಿ ದೂರದಿಂದ ಗೊತ್ತಾಗುತ್ತದೆ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂರಿಸಿ ಬಣ್ಣ ನೋಡಲು ಹೇಳಿ. ಪಕ್ಕದ ಹಲ್ಲಿನ ಫೋಟೊ ಲ್ಯಾಬಿಗೆ ಕಳಿಸಿದರೆ ಅವರು ಕಂದು ಗೆರೆ, ಸುಣ್ಣದಂಥ ಮಚ್ಚೆ ಎಲ್ಲ ಬರೆದು ಕೊಡುತ್ತಾರೆ. ಹಲ್ಲಿಗೆ ಬೇಕೆಂದೇ ಕಲೆ ಹಚ್ಚಿಸುವುದು! ಆದರೆ ಕೈ ಅಡ್ಡ ಹಿಡಿಯುವುದನ್ನು ಬಿಡಿಸುವುದು ಅದೇ.

ಬ್ರಿಡ್ಜ್ ಪೂರ್ತಿ ಕಳಚಿ ಕೈಗೆ ಬಂತು. ನಾಡಿದ್ದು ತಮ್ಮನ ಮದುವೆ. ಗಮ್ ಹಚ್ಚಿ ಕೂರಿಸಿಕೊಳ್ಳಲಾ?
— ರಾಣೆಬೆನ್ನೂರು

ನೀವು ಇದನ್ನು ಓದುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಆದರೂ ಬೇರೆಯವರಿಗೆ ಉಪಯೋಗವಾಗಲಿ. ಅಂಗಡಿಯ ಗಮ್ ಬೇಡವೇ ಬೇಡ. ಒಸಡು ಸುಡುತ್ತದೆ, ಸೊಟ್ಟ ಕೂತರೆ ಆಮೇಲೆ ನಾವು ಒಡೆದೇ ತೆಗೆಯಬೇಕು. ಬ್ರಿಡ್ಜ್ ತೊಳೆದು ಸಣ್ಣ ಡಬ್ಬಿಯಲ್ಲಿಡಿ, ಟಿಶ್ಯೂ ಪೇಪರಿನಲ್ಲಿ ಸುತ್ತಬೇಡಿ. ಕಸ ಅಂತ ಯಾರೋ ಎಸೆದೇ ಎಸೆಯುತ್ತಾರೆ. ಒಳಗಿನ ಹಲ್ಲು ಚೆನ್ನಾಗಿದ್ದರೆ ಡಾಕ್ಟರು ಸಿಮೆಂಟ್ ಹಾಕಿ ಮತ್ತೆ ಕೂರಿಸೋಕೆ ಅರ್ಧ ಗಂಟೆ ಸಾಕು.

ಬ್ರಿಡ್ಜ್ ಹಾಕಿಸಿ ಎಂಟು ವರ್ಷ. ನೋವು ಏನೂ ಇಲ್ಲ. ಆದರೆ ಆ ಕಡೆಯಿಂದ ಒಂಥರಾ ವಾಸನೆ, ಬೆಳಿಗ್ಗೆ ಬಾಯಿ ಕಹಿ. ಇದು ಹೊಟ್ಟೆಯದಾ, ಹಲ್ಲಿನದಾ?
— ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಟೀಚರ್, ಇದಕ್ಕೆ ನನ್ನ ಬಾಯಿಯ ಕಥೆಯನ್ನೇ ಹೇಳುತ್ತೇನೆ.

ನನಗೂ ಬಲಗಡೆ ಕೆಳಗೆ ಒಂದು ಬ್ರಿಡ್ಜ್ ಇತ್ತು. ಓದುವಾಗಲೇ ದವಡೆ ಹಲ್ಲು ಕಳೆದುಕೊಂಡಿದ್ದೆ, ಕಡಲೆ ಮಿಠಾಯಿ ಋಣ. ಒಂಬತ್ತು ವರ್ಷ ಅದು ಚೆನ್ನಾಗೇ ಇತ್ತು. ಊರಿಗೆಲ್ಲ ‘ಬ್ರಿಡ್ಜ್ ಅಡಿ ದಿನಾ ದಾರ ಹಾಕಿ ತೆಗೀರಿ’ ಅಂತ ಹೇಳುವವಳು ನಾನು. ರಾತ್ರಿ ಹತ್ತಕ್ಕೆ ಕ್ಲಿನಿಕ್ ಮುಚ್ಚಿ ಬಂದು ದಾರ ಹಿಡಿಯೋಕೆ ಸೋಮಾರಿತನ. ಒಂದು ದಿನ ಮಗಳು ತೊಡೆ ಮೇಲೆ ಕೂತವಳು ಮುಖ ಆಚೆ ತಿರುಗಿಸಿ, ‘ಅಮ್ಮಾ, ಒದ್ದೆ ಬಟ್ಟೆ ವಾಸನೆ’ ಅಂದಳು.

ಕನ್ನಡಿ ಮುಂದೆ ನಿಂತು ಹೆಬ್ಬೆರಳಿನಿಂದ ಬ್ರಿಡ್ಜ್ ಒತ್ತಿ ಬಿಟ್ಟೆ. ಹಿಂದಿನ ಕ್ಯಾಪಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಷ್ಟು ಸಾಕಾಯಿತು ನನಗೆ. ಮುಂದಿನ ಕಂಬ ಗಟ್ಟಿಯಾಗಿ ಹಿಡಿದುಕೊಂಡಿತ್ತು, ಹಿಂದಿನ ಕಂಬದ ಸಿಮೆಂಟ್ ಯಾವಾಗಲೋ ಕರಗಿ ಹೋಗಿತ್ತು. ಒಂದು ಕಡೆ ಹಿಡಿದಿದೆಯಲ್ಲ, ಅದಕ್ಕೇ ಬ್ರಿಡ್ಜ್ ಕಳಚಿ ಬೀಳಲಿಲ್ಲ. ಬಿದ್ದಿದ್ದರೆ ಬಚಾವಾಗುತ್ತಿದ್ದೆ. ಒಳಗಿನ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ನರ ಇಲ್ಲ, ಹಾಗಾಗಿ ನೋವೂ ಇಲ್ಲ. ಗೆಳತಿಯೊಬ್ಬಳು ಬ್ರಿಡ್ಜ್ ಕತ್ತರಿಸಿ ತೆಗೆದಾಗ ಒಳಗಿನ ಹಲ್ಲು ಒದ್ದೆ ರಟ್ಟಿನ ಹಾಗೆ ಮೆತ್ತಗಾಗಿತ್ತು. ಉಳಿಸೋಕೆ ಆಗಲಿಲ್ಲ. ಒಂದು ಹಲ್ಲಿನ ಜಾಗ ಎರಡಾಯಿತು. ಈಗ ಒಂದು ಇಂಪ್ಲಾಂಟ್ ಇದೆ, ಕೊನೆಯದನ್ನು ಹಾಗೇ ಬಿಟ್ಟಿದ್ದೇನೆ.

ಈ ವಾರವೇ ತೋರಿಸಿ. ಅದಕ್ಕೂ ಮೊದಲು ಒತ್ತಿ ನೋಡಿ, ಗುಳ್ಳೆ ಬಂದರೆ ಎರಡನೇ ಮಾತೇ ಇಲ್ಲ. ಗುಳ್ಳೆ ಬರದಿದ್ದರೂ ಎಕ್ಸ್‌ರೇ ಬೇಕು. ಮೆಡಿಕಲ್ ಶಾಪಿನಲ್ಲಿ ‘ಸೂಪರ್ ಫ್ಲಾಸ್’ ಕೇಳಿ. ಅದರ ಒಂದು ತುದಿ ಗಟ್ಟಿ, ನಡುವೆ ಸ್ಪಂಜಿನಂಥ ದಾರ. ಗಟ್ಟಿ ತುದಿಯನ್ನು ನಡುವಿನ ಹಲ್ಲಿನ ಅಡಿ ತೂರಿಸಿ, ಆಚೆ ಕಡೆಯಿಂದ ಹಿಡಿದು ಹಿಂದೆ ಮುಂದೆ ಎಳೆಯಿರಿ. ಮಲ್ಲಿಗೆ ಕಟ್ಟುವ ಕೈಗೆ ಇದು ಎರಡು ದಿನದ ಅಭ್ಯಾಸ. ಮಂಡಕ್ಕಿ ತಿಂದ ದಿನ ಏನೇನು ಹೊರಗೆ ಬರುತ್ತದೆ ಅಂತ ನೋಡಿದರೆ ನೀವೇ ಬಿಡುವುದಿಲ್ಲ.

ಮೇಡಮ್ಮೋರೆ, ನನಗೆ 68. ಕೆಳಗಡೆ ಎರಡೂ ಕಡೆ ಕೊನೇ ಹಲ್ಲು ಒಂದೊಂದು ಇಲ್ಲ. ಬೆಂಗಳೂರಲ್ಲಿರೋ ಮಗ ಬ್ರಿಡ್ಜ್ ಹಾಕಿಸ್ಕೊ ಅಂತ ಪ್ರಾಣ ತಿಂತಾನೆ. ನಾನು ದಿನಾ ಮುದ್ದೆ ಉಣ್ಣೋನು. ಮುದ್ದೆ ಅಗಿಯೋದುಂಟಾ? ನುಂಗೋಕೆ ಹಲ್ಯಾಕೆ?
— ರೈತರು, ಮದ್ದೂರು

ಯಜಮಾನ್ರೇ, ನಿಮ್ಮ ಮಗನಿಗೆ ಈ ಪುಟ ತೋರಿಸಿ. ಕೊನೆಯ ಹಲ್ಲು ಹೋದರೆ ಅದರ ಹಿಂದೆ ಕಂಬವೇ ಇರುವುದಿಲ್ಲ. ಒಂದೇ ದಡಕ್ಕೆ ಸೇತುವೆ ಕಟ್ಟಿದ ಹಾಗಾಗುತ್ತದೆ. ಅಗಿಯುವಾಗ ಅತಿ ಜಾಸ್ತಿ ಭಾರ ಬೀಳುವ ಜಾಗ ಅದು, ಮುಂದಿನ ಹಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ಬೇಕೇ ಬೇಕು ಅಂದರೆ ಇಂಪ್ಲಾಂಟ್. ಆದರೆ ಬೇಕಾ? ಎದುರುಬದುರು ಕೂಡುವ 20 ಹಲ್ಲು ಗಟ್ಟಿಯಾಗಿದ್ದರೆ ಊಟಕ್ಕೆ ಸಾಮಾನ್ಯವಾಗಿ ಸಾಕಾಗುತ್ತದೆ. ನನಗೂ ಬಲಗಡೆ ಕೊನೆಯದಿಲ್ಲ ಅಂತ ಮೇಲೆ ಹೇಳಿದೆನಲ್ಲ, ನಡೆಯುತ್ತಿದೆ.

ಮುದ್ದೆಗೆ ಹಲ್ಲು ಬೇಡ, ಒಪ್ಪಿದೆ. ಜೊತೆಗಿರುವ ಹುರುಳಿಕಾಳಿಗೆ, ಸೊಪ್ಪಿನ ಪಲ್ಯಕ್ಕೆ ಬೇಕು. ಉಳಿದ ಹಲ್ಲುಗಳನ್ನು ಆರು ತಿಂಗಳಿಗೊಮ್ಮೆ ತೋರಿಸಿ, ಒಸಡು ನೋಡಿಸಿ. ಮೇಲಿನ ಕೊನೆಯ ಹಲ್ಲು ಕೆಳಗಿಳಿಯುತ್ತಿದೆಯಾ ಅಂತಲೂ ಕೇಳಿ. ನಾಟಿಕೋಳಿ ಮಾಡಿಸಿದ ದಿನ ಮೂಳೆ ಮಾತ್ರ ಮಗನ ತಟ್ಟೆಗೆ ಹಾಕಿ.