ಮೌಸ್ ಆಡಿಸಿದರೆ ಹೆಡ್‌ಫೋನಿನಲ್ಲಿ ಚಿರ್ ಅನ್ನುತ್ತೆ, 30 ಸಾವಿರದ ಡ್ಯಾಕ್ ತಗೊಂಡರೆ ಹೋಗುತ್ತಾ?

ದಯವಿಟ್ಟು ಸದ್ಯಕ್ಕೆ ಆ ದುಡ್ಡು ಖರ್ಚು ಮಾಡಬೇಡಿ. ನೀವು ಹೇಳಿರೋದು ಇಷ್ಟು: ಡೆಸ್ಕ್‌ಟಾಪಿನ ಯುಎಸ್‌ಬಿಗೆ ಡ್ಯಾಕ್ (ಡಿಜಿಟಲ್ ಹಾಡನ್ನು ಆಡಿಯೋ ಸಿಗ್ನಲ್ ಮಾಡುವ ಡಬ್ಬ), ಅಲ್ಲಿಂದ ಆರ್‌ಸಿಎ ಅನ್ನೋ ಆಡಿಯೋ ಕೇಬಲ್ಲಿನಲ್ಲಿ ಆ್ಯಂಪ್ (ಆ ಸಿಗ್ನಲ್ಲನ್ನು ದೊಡ್ಡದು ಮಾಡುವ ಡಬ್ಬ), ಆ್ಯಂಪ್‌ಗೆ ಬೇರೆಯೇ ತ್ರೀ ಪಿನ್ ಪ್ಲಗ್. ಹಾಡು ನಿಲ್ಲಿಸಿದರೂ ಸದ್ದು ಇರುತ್ತೆ, ಗೇಮ್ ಹಾಕಿದರೆ ಜೋರಾಗುತ್ತೆ. ಈ ಲಕ್ಷಣಗಳೆಲ್ಲ ಗ್ರೌಂಡ್ ಲೂಪ್ ಕಡೆಗೇ, ಅಂದರೆ ಎರಡು ಅರ್ಥ್‌ಗಳ ನಡುವೆ ಕೇಬಲ್ಲುಗಳಿಂದ ಆಗಿಬಿಡುವ ಸುತ್ತುದಾರಿಯ ಕಡೆಗೇ ಬೆರಳು ಮಾಡುತ್ತವೆ.

ಆಗ್ತಿರೋದು ಏನಂದರೆ, ಡೆಸ್ಕ್‌ಟಾಪಿನ ಪವರ್ ಸಪ್ಲೈಗೆ ಒಂದು ಅರ್ಥ್ ಇದೆ, ಆ್ಯಂಪ್‌ಗೆ ಇನ್ನೊಂದು. ಇವೆರಡನ್ನೂ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ತಂತಿ ಮತ್ತು ಆರ್‌ಸಿಎ ಕೇಬಲ್ಲಿನ ಹೊರಕವಚ ಸೇರಿಸಿಬಿಟ್ಟಿವೆ. ಗ್ರಾಫಿಕ್ಸ್ ಕಾರ್ಡು ಕರೆಂಟ್ ಎಳೆದಾಗಲೆಲ್ಲ ಕಂಪ್ಯೂಟರಿನ ಗ್ರೌಂಡ್ ಸ್ವಲ್ಪ ಅಲುಗಾಡುತ್ತೆ, ಆ ಗಲಾಟೆ ಆರ್‌ಸಿಎ ಕವಚದಲ್ಲಿ ಹರಿಯುತ್ತೆ, ಆ್ಯಂಪ್ ಅದನ್ನೂ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತೆ. ಹೊಸ ಡ್ಯಾಕ್ ತಂದು ಅದೇ ಯುಎಸ್‌ಬಿ, ಅದೇ ಆರ್‌ಸಿಎಗೆ ಹಾಕಿದರೆ ದಾರಿ ಬದಲಾಗೋದಿಲ್ಲ.

ಪರೀಕ್ಷೆ ಸುಲಭ. ಫೋನಿಗೆ ಹಾಕುವ ಸಣ್ಣ ಯುಎಸ್‌ಬಿ ಡಾಂಗಲ್ ಇದ್ದರೆ ಅದನ್ನು ಅದೇ ಪೋರ್ಟಿಗೆ ಹಾಕಿ, ಹೆಡ್‌ಫೋನ್ ನೇರ ಅದಕ್ಕೇ ಚುಚ್ಚಿ, ಗೇಮ್ ಹಾಕಿ ಕೇಳಿ. ಹೆಡ್‌ಫೋನಿಗೆ ಅರ್ಥ್ ಇಲ್ಲದ್ದರಿಂದ ಲೂಪ್ ಆಗೋಕೆ ಸಾಧ್ಯವೇ ಇಲ್ಲ. ನಿಶ್ಶಬ್ದವಾಗಿದ್ದರೆ ನಿಮ್ಮ ಯುಎಸ್‌ಬಿ ಪೋರ್ಟಿನ ತಪ್ಪೇನೂ ಇಲ್ಲ. ಆಮೇಲೆ ಆ್ಯಂಪ್‌ನಿಂದ ಡ್ಯಾಕ್ ಕಿತ್ತು, ಚಾರ್ಜರ್ ಹಾಕದ ಫೋನಿನಿಂದ ಹಾಡು ಕೊಡಿ. ಆಗಲೂ ಶುದ್ಧವಾಗಿದ್ದರೆ ಆ್ಯಂಪ್ ಕೂಡ ಚೆನ್ನಾಗಿದೆ ಅಂತ ಅರ್ಥ.

ಸದ್ದಿನ ಬಗೆಯನ್ನೂ ಗಮನಿಸಿ. ಒಂದೇ ಸಮನೆ ಗುಂಯ್ ಅಂದರೆ ಅದು ನಮ್ಮ 50 ಹರ್ಟ್ಜ್ ಕರೆಂಟಿನದು. ಸುಸ್ ಅಂತ ಬದಲಾಗದೆ ಕೇಳಿದರೆ ಆ್ಯಂಪಿನ ಗೇನ್ ಸ್ವಿಚ್ (ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ಆರಿಸೋದು) ಹೈನಲ್ಲಿರಬಹುದು, ಲೋಗೆ ಹಾಕಿ. ಹಾಡು ಓಡುವಾಗ ಮಾತ್ರ ಟಪ್ ಟಪ್ ಅಂದರೆ ಡ್ರೈವರ್ ಅಥವಾ ಬಫರ್ (ಹಾಡಿನ ಡೇಟಾ ಸ್ವಲ್ಪ ಹೊತ್ತು ಕೂಡಿಡುವ ಜಾಗ) ಕಡೆ ನೋಡಿ. ಯುಎಸ್‌ಬಿ ಆಡಿಯೋ ಕ್ಲಾಸ್ 2 ಅನ್ನೋ ಯುಎಸ್‌ಬಿ ಆಡಿಯೋ ಮಾನದಂಡದ ಡ್ರೈವರ್ 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ವಿಂಡೋಸ್‌ನಲ್ಲೇ ಇದೆ, ಆದರೂ ತಯಾರಕರ ಡ್ರೈವರ್ ಇದ್ದರೆ ಒಮ್ಮೆ ಹಾಕಿ ನೋಡಿ.

ಬೆಂಗಳೂರಿನಲ್ಲಿ ಇದ್ದೀರಿ ಅಂದಿದ್ದಕ್ಕೆ ಇದನ್ನು ಒತ್ತಿ ಹೇಳ್ತೀನಿ: ಮನೆಯ ಅರ್ಥಿಂಗ್ ನೋಡಿಸಿ. ಬಸವನಗುಡಿಯ ಹಳೇ ಮನೆಯೊಂದರಲ್ಲಿ ನನ್ನ ತಂಗಿ ಬಾಡಿಗೆಗಿದ್ದಳು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಅದರ ಲೋಹದ ಮೈ ಸವರಿದರೆ ಬೆರಳು ಜುಮ್ ಅನ್ನೋದು. ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡ್ ಬಿಚ್ಚಿದರೆ, ಸಾಕೆಟ್ಟಿನ ಮೂರನೇ ತೂತಿನ ಹಿಂದೆ ಹಸಿರು ತಂತಿ ಯಾವುದಕ್ಕೂ ಸೇರದೆ ಮಡಚಿಕೊಂಡು ಬಿದ್ದಿತ್ತು. ಅದನ್ನು ಸರಿಮಾಡಿಸಿದ ಮೇಲೆ ಜುಮ್ ಅನ್ನೋದೂ ನಿಂತಿತು, ಸ್ಪೀಕರಿನ ಗುಂಯ್ ಕೂಡ ನಿಂತಿತು. ಕರೆಂಟ್ ಹೋಗಿ ಮನೆಯ ಯುಪಿಎಸ್ ಮೇಲೆ ಓಡುವಾಗ ಮಾತ್ರ ಸದ್ದು ಹೆಚ್ಚಾದರೆ, ಆ ಯುಪಿಎಸ್ ಸ್ಕ್ವೇರ್ ವೇವ್‌ದೋ (ನುಣುಪಾದ ಅಲೆಯ ಬದಲು ಚೌಕದ ಅಲೆಯ ಕರೆಂಟ್ ಕೊಡೋದೋ) ಏನೋ ನೋಡಿ. ಅಂಥದ್ದರಲ್ಲಿ ಆ್ಯಂಪಿನ ಟ್ರಾನ್ಸ್‌ಫಾರ್ಮರ್ ಸಹ ಗುಂಯ್‌ಗುಡುತ್ತೆ. ಒಂದು ವಿಷಯ ಬೇಡಿಕೊಂಡು ಹೇಳ್ತೀನಿ, ಸದ್ದು ಹೋಗುತ್ತೆ ಅಂತ ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ಮುರಿಯೋಕೆ ಹೇಳಿದರೆ ಕೇಳಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ಎಲ್ಲಾದರೂ ಫೇಸ್ ತಂತಿ ಡಬ್ಬಕ್ಕೆ ತಾಗಿದ ದಿನ ಶಾಕ್ ಹೊಡೆಯೋದು ನಿಮಗೇ.

ಪರಿಹಾರಕ್ಕೆ ಮೊದಲು ಕಂಪ್ಯೂಟರ್, ಆ್ಯಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಸಾಲದಿದ್ದರೆ, ಮದರ್‌ಬೋರ್ಡಿನ ಹಿಂದೆ ಆಪ್ಟಿಕಲ್ ಔಟ್ ಇದೆಯಾ ನೋಡಿ. ಬೆಳಕಿನಲ್ಲಿ ಹೋಗೋದರಿಂದ ಗ್ರೌಂಡ್ ತಂತಿಯೇ ಇರೋಲ್ಲ, ಕೇಬಲ್ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತೆ. ಆದರೆ ಯುಎಸ್‌ಬಿ ಕಿತ್ತು ಡ್ಯಾಕ್‌ಗೆ ಪವರನ್ನು ಫೋನ್ ಚಾರ್ಜರಿನಿಂದ ಕೊಡಿ, ಇಲ್ಲದಿದ್ದರೆ ಲೂಪ್ ಹಾಗೇ ಉಳಿಯುತ್ತೆ. ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್ ಇದೆ, ಅದು ಗ್ರೌಂಡ್ ಸಂಪರ್ಕ ಕಡಿದು ಡೇಟಾ ದಾಟಿಸುತ್ತೆ. ಅಗ್ಗದ ಹಲವು 12 ಎಂಬಿಪಿಎಸ್‌ನವು, ಹೈ ಸ್ಪೀಡ್ ಬೇಡುವ ಡ್ಯಾಕ್ ಅದರಲ್ಲಿ ಓಡದೇ ಇರಬಹುದು. ಕೇಳಿಯೇ ತಗೊಳ್ಳಿ.

ಇಷ್ಟಾದ ಮೇಲೂ ಹೊಸದು ಬೇಕು ಅನ್ನಿಸಿದರೆ, ನನ್ನ ಮತ ಡ್ಯಾಕ್, ಆ್ಯಂಪ್ ಎರಡೂ ಒಂದೇ ಡಬ್ಬದಲ್ಲಿರೋದಕ್ಕೆ, ಅದರಲ್ಲೂ ಯುಎಸ್‌ಬಿಯಿಂದಲೇ ಪವರ್ ತಗೊಳ್ಳೋದಕ್ಕೆ. ನಡುವೆ ಆರ್‌ಸಿಎ ಇಲ್ಲ, ಎರಡನೇ ಅರ್ಥ್ ಇಲ್ಲ. 300 ಓಮ್‌ನ (ಓಮ್ ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಥರದ್ದಕ್ಕೆ ವೋಲ್ಟೇಜ್ ಸಾಕಷ್ಟು ಬೇಕು. 32 ಓಮ್‌ನದಕ್ಕೆ ಆ್ಯಂಪಿನ ಔಟ್‌ಪುಟ್ ಇಂಪಿಡೆನ್ಸ್ (ಆ್ಯಂಪ್ ತಾನೇ ಒಡ್ಡುವ ಅಡ್ಡಿ) 4 ಓಮ್‌ಗಿಂತ ಕಡಿಮೆ ಇರಲಿ.

ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಧ್ವನಿಮಟ್ಟ ಸರಿಸಮ ಮಾಡದೆ ತೀರ್ಪು ಕೊಡಬೇಡಿ. ಚೂರು ಜೋರಿರೋದೇ ಕಿವಿಗೆ ಚೆಂದ ಅನ್ನಿಸಿಬಿಡುತ್ತೆ. 60 ಹರ್ಟ್ಜ್ ಟೋನ್ ಹಾಕಿ, ಹೆಡ್‌ಫೋನ್ ಚುಚ್ಚಿರುವಾಗಲೇ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ಅಳೆದು, ಎರಡಕ್ಕೂ ಶೇ 1ರೊಳಗೆ ಹೊಂದಿಸಿ. ಅಂದರೆ ಸುಮಾರು 0.1 ಡೆಸಿಬೆಲ್. ಆಮೇಲೆ ಯಾವುದು ಓಡ್ತಿದೆ ಅಂತ ಗೊತ್ತಾಗದ ಹಾಗೆ ಸ್ನೇಹಿತರ ಕೈಲಿ ಬದಲಾಯಿಸಿ ಕೇಳಿ. ವ್ಯತ್ಯಾಸ ಹಿಡಿಯೋಕೆ ಆಗದಿದ್ದರೆ ಅಗ್ಗದ್ದನ್ನೇ ತಗೊಂಡು, ಉಳಿದ ದುಡ್ಡನ್ನು ಹೆಡ್‌ಫೋನಿಗೆ ಹಾಕಿ, ಅಲ್ಲಿ ವ್ಯತ್ಯಾಸ ಮೊದಲ ಹಾಡಿನಲ್ಲೇ ಕೇಳಿಸುತ್ತೆ.