ಭೀಮಾದಾಗ ಗಾಳಕ್ಕ ಕಣಕ ನಿಲ್ಲದಿದ್ದರ

ಅಣ್ಣಾರ, ಭೀಮಾ ಹೊಳ್ಯಾಗ ಘತ್ತರಗಿ ಹತ್ರ ಗಾಳ ಒಗೆದ ಕೂಡ್ಲೇ ಗಾಳಕ್ಕ ಹಚ್ಚಿದ ಹಿಟ್ಟಿನ ಕಣಕ ಕಳಚತದ, ರೋಹು ಮೀನು ಸಿಗವಲ್ದು ಅಂತ ಕೇಳೀರಿ. ಕಣಕಕ್ಕ ನೀರು ಹೆಚ್ಚಾಗ್ಯದ. ಎರಡು ಹಿಡಿ ಗೋಧಿ ಹಿಟ್ಟಿಗೆ ಒಂದು ಹಿಡಿ ಶೇಂಗಾ ಹಿಂಡಿ ಹುರಿದು ಪುಡಿ ಮಾಡಿ ಹಾಕ್ರಿ, ನೀರು ಬರೀ ಚಿಮುಕಿಸಿ ಗಟ್ಟಿಯಾಗಿ ನಾದ್ರಿ. ಚಿಟಿಕಿ ಹತ್ತಿ ಎಳಿ ಎಳಿ ಬಿಡಿಸಿ ಕಲಿಸಿದ್ರ ಹರಿಯೋ ನೀರಾಗೂ ಹಿಡಿದು ನಿಲ್ತದ, ಇದನ್ನ ಬಿಡಲೇಬ್ಯಾಡ್ರಿ. ಉಂಡಿ ಕಡ್ಲಿಕಾಳಿಗಿಂತ ತುಸು ದೊಡ್ಡದಿರಲಿ, ಗಾಳದ ಮೊನಿ ಮಾತ್ರ ಹೊರಗ ಕಾಣಬೇಕು. ಪೂರಾ ಮುಚ್ಚಿದ್ರ ಮೊನಿ ತುಟಿಗೆ ನಾಟಂಗಿಲ್ಲ.

ರೋಹು ಮೇಯೋದು ನಡುನೀರಾಗ, ತಳದ ಕಡಿ. ದಾರಕ್ಕ ಕಟ್ಟಿದ ತೇಲೋ ಬೆಂಡು ಮ್ಯಾಲ ಸರಿಸಿ ಗಾಳ ತಳದಿಂದ ಗೇಣು ಎತ್ತರಕ್ಕ ನಿಲ್ಲಿಸ್ರಿ. ಬೆಂಡು ಕುಣಿದಾಗ ಎಳೀಬ್ಯಾಡ್ರಿ, ಓರಿಯಾಗಿ ಒಳಗ ಜಾರಿದಾಗ ಎಳೀರಿ.

ಸೊನ್ನ ಬ್ಯಾರೇಜಿನಿಂದ ನೀರು ಬಿಡೋ ದಿನ ಮಾತ್ರ ಹೊಳಿಗೆ ಇಳೀಲೇಬ್ಯಾಡ್ರಿ.